ಗೆದ್ದೆತ್ತಿನ ಬಾಲವೂ ಸೋತ ತಂಡದ ನೆನಪೂ

ಗೆದ್ದೆತ್ತಿನ ಬಾಲ ಹಿಡಿಯುವುದು ಲೋಕರೂಢಿ. ಸೋತ ಎತ್ತಿನ ಮೈದಡವಿ ನೀರು ಕುಡಿಸುವವನು ಅದರ ಒಡೆಯನೊಬ್ಬನೇ. ಆದರೆ ಸೋತ ತಂಡವೊಂದರ ಮೈದಡವುವುದನ್ನೇ ವರ್ಷಾನುಗಟ್ಟಲೆ ವ್ರತದಂತೆ ನಡೆಸಿಕೊಂಡು ಬಂದ ಲಕ್ಷಾಂತರ ಜನ ನಮ್ಮ ಬೆಂಗಳೂರಿನಲ್ಲಿದ್ದಾರೆ. ಅವರಲ್ಲಿ ನಾನೂ ಒಬ್ಬ. ಈ ಅಭಿಮಾನಕ್ಕೆ ಏನಾದರೂ ಅರ್ಥವುಂಟೆ, ಅಥವಾ ಇದು ಕೆಲಸವಿಲ್ಲದವರ ಕಾಲಹರಣವೆ ಎಂದು ಕೇಳುವ ಹಿರಿಯರು ನಮ್ಮ ಕಾಲೇಜಿನಲ್ಲಿಯೂ ಇದ್ದಾರೆ. ಅವರ ಪ್ರಶ್ನೆಯನ್ನು ಗೌರವದಿಂದ ಸ್ವೀಕರಿಸಿ, ನನಗೆ ತೋಚಿದ ಉತ್ತರವನ್ನು ಈ ಸಂಚಿಕೆಯ ವಾಚಕರ ಮುಂದಿಡುತ್ತೇನೆ.

ತಂಡದ ಹೆಸರನ್ನು ಹೇಳಬೇಕಾದ ಅಗತ್ಯವೇ ಇಲ್ಲವಾದರೂ ಹೇಳುತ್ತೇನೆ: ರಾಯಲ್ ಚಾಲೆಂಜರ್ಸ್ ಬೆಂಗಳೂರು. 2008ರಲ್ಲಿ ಆರಂಭವಾದ ಈ ಸಂಸ್ಥೆಯ ಪುರುಷರ ತಂಡ 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಮೊದಲ ಬಾರಿಗೆ ಐ.ಪಿ.ಎಲ್. ಪಾರಿತೋಷಕವನ್ನು ಗೆದ್ದಿತು. ಅದಕ್ಕೂ ಹಿಂದಿನ ವರ್ಷ, 2024ರ ಮಾರ್ಚಿಯಲ್ಲಿ, ಸ್ಮೃತಿ ಮಂಧಾನ ಅವರ ನಾಯಕತ್ವದ ಮಹಿಳಾ ತಂಡ ದೆಹಲಿಯಲ್ಲಿ ಗೆದ್ದು ದಾರಿ ತೋರಿಸಿತ್ತು. ಇವೆಲ್ಲ ಸಂತೋಷದ ಸಂಗತಿಗಳು. ಆದರೆ ನಾನು ಬರೆಯಹೊರಟಿರುವುದು ಇವರನ್ನು ಕುರಿತಲ್ಲ. 2011ರಿಂದ 2017ರವರೆಗೆ ಕ್ರಿಸ್ ಗೇಲ್, ವಿರಾಟ್ ಕೊಹ್ಲಿ, ಎ.ಬಿ. ಡಿವಿಲಿಯರ್ಸ್ ಎಂಬ ಮೂವರು ದಾಂಡಿಗರು ಒಂದೇ ಅಂಗಿ ತೊಟ್ಟು ಆಡಿದ ತಂಡವೊಂದಿತ್ತು. ಅದು ಎಂದೂ ಗೆಲ್ಲಲಿಲ್ಲ. ಆ ಮೂವರು ಮತ್ತೆ ಒಂದಾಗಿ ಆಡುವಂತಿಲ್ಲವಾದ್ದರಿಂದ ಇನ್ನು ಗೆಲ್ಲುವುದೂ ಇಲ್ಲ. ನನ್ನ ಮಾತು ಆ ತಂಡವನ್ನು ಕುರಿತದ್ದು.

ಅಂಜನಾಪುರದ ಕೆರೆಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಚಹಾದಂಗಡಿಯಿದೆ. ಸಂಜೆ ಆರರ ಮೇಲೆ ಅಲ್ಲಿ ಕೂಡುವವರು ಗಾರೆ ಕೆಲಸದವರು, ಆಟೋ ಓಡಿಸುವವರು, ಹೂವಿನ ಬುಟ್ಟಿ ಖಾಲಿ ಮಾಡಿ ಮನೆಗೆ ಹೊರಟವರು, ನಿವೃತ್ತರಾದ ಒಬ್ಬ ಮೇಷ್ಟ್ರು. ಮೆಟ್ರೋ ಹಸಿರು ಮಾರ್ಗವು 2021ರ ಜನವರಿಯಲ್ಲಿ ನಮ್ಮೂರಿನ ಅಂಚಿನ ರೇಷ್ಮೆ ಸಂಸ್ಥೆ ನಿಲ್ದಾಣದವರೆಗೆ ಬಂದಮೇಲೆ ಚಿನ್ನಸ್ವಾಮಿ ಮೈದಾನಕ್ಕೆ ಹೋಗುವುದು ಸುಲಭವಾಯಿತು. ಆದರೆ ಮೈದಾನದ ಒಳಗೆ ಹೋಗುವುದು ಸುಲಭವಾಗಲಿಲ್ಲ. ಟಿಕೆಟ್ಟಿನ ದರ ಕೂಲಿಯವನ ಕೈಗೆ ಎಟುಕುವಂಥದಲ್ಲ. ಆದುದರಿಂದ ಈ ಮಂಡಳಿಯವರು ಆ ತಂಡವನ್ನು ಕಂಡಿದ್ದೆಲ್ಲ ಅಂಗಡಿಗಳ ಟೀವಿಯ ಮುಂದೆ ನಿಂತುಕೊಂಡೇ. ಹಾಗಿದ್ದರೂ ಅವರ ನೆನಪಿನ ಸ್ಪಷ್ಟತೆಯನ್ನು ಕಂಡರೆ ಇತಿಹಾಸದ ವಿದ್ಯಾರ್ಥಿಗಳಾದ ನಾವು ನಾಚಬೇಕು.

“2013ರ ಏಪ್ರಿಲ್ 23. ಗೇಲ್ ಮೂವತ್ತು ಚೆಂಡಿಗೆ ನೂರು ಹೊಡೆದ. ಕೊನೆಗೆ 66 ಚೆಂಡಿಗೆ 175, ಔಟಾಗಲೇ ಇಲ್ಲ” ಎಂದು ಒಬ್ಬರು ಆರಂಭಿಸುತ್ತಾರೆ. ಅಂದು ಪುಣೆಯ ವಿರುದ್ಧ ತಂಡ ಗಳಿಸಿದ 263 ರನ್ನು ಹನ್ನೊಂದು ವರ್ಷಗಳ ಕಾಲ, 2024ರವರೆಗೆ, ಐ.ಪಿ.ಎಲ್.ನ ಅತ್ಯಧಿಕ ಮೊತ್ತವಾಗಿ ಉಳಿಯಿತು. “ಅದೇ ಏಪ್ರಿಲ್ 23ಕ್ಕೇ ಅಲ್ಲವೇನಪ್ಪ, 2017ರಲ್ಲಿ ಕಲ್ಕತ್ತೆಯಲ್ಲಿ 49ಕ್ಕೆ ಎಲ್ಲರೂ ಔಟಾದದ್ದು?” ಎಂದು ಮೇಷ್ಟ್ರು ಕೇಳುತ್ತಾರೆ. ಒಂದು ಗಳಿಗೆ ಎಲ್ಲರೂ ಸುಮ್ಮನಾಗಿ, ಬಳಿಕ ನಗುತ್ತಾರೆ. ಒಂದೇ ತಾರೀಖಿನಲ್ಲಿ ಶಿಖರವೂ ಪಾತಾಳವೂ! ಆ ತಂಡದ ಚರಿತ್ರೆಯೆಲ್ಲ ಈ ಎರಡು ಅಂಕಿಗಳಲ್ಲಿ ಅಡಗಿದೆ ಎಂದರೆ ಅತಿಶಯೋಕ್ತಿಯಾಗಲಾರದು.

ಆದರೆ ಮಾತು ಸುತ್ತಿ ಸುತ್ತಿ ಬಂದು ನಿಲ್ಲುವುದು 2016ರಲ್ಲಿ. ಆಗ ನನಗೆ ಹತ್ತು ವರ್ಷ. ಆ ವರ್ಷ ತಂಡ ಮೊದಲ ಏಳು ಪಂದ್ಯಗಳಲ್ಲಿ ಗೆದ್ದದ್ದು ಎರಡೇ ಎರಡು. ಉಳಿದ ಏಳರಲ್ಲಿ ಆರನ್ನು ಗೆದ್ದು ಎರಡನೆಯ ಸ್ಥಾನಕ್ಕೆ ಏರಿತು. ಕೊಹ್ಲಿ ಒಂದೇ ಋತುವಿನಲ್ಲಿ ನಾಲ್ಕು ಶತಕಗಳೊಡನೆ 973 ರನ್ನು ಕೂಡಿಸಿದರು. ಕೈಗೆ ಹೊಲಿಗೆ ಹಾಕಿಸಿಕೊಂಡೇ ಆಡಿ ಪಂಜಾಬಿನ ವಿರುದ್ಧ 113 ಹೊಡೆದರು. ಮೇ 14ರಂದು ಗುಜರಾತಿನ ವಿರುದ್ಧ ಅವರೂ ಡಿವಿಲಿಯರ್ಸರೂ ಸೇರಿ 229 ರನ್ನುಗಳ ಜೊತೆಯಾಟ ಆಡಿದರು. ಹತ್ತು ದಿನಗಳ ತರುವಾಯ ಅದೇ ಗುಜರಾತಿನ ವಿರುದ್ಧ 159 ರನ್ನು ಬೇಕಾಗಿದ್ದಾಗ 29ಕ್ಕೆ ಐದು ವಿಕೆಟ್ಟುಗಳು ಬಿದ್ದವು. ಜನ ಎದ್ದು ಮನೆಗೆ ಹೊರಟರು. ಡಿವಿಲಿಯರ್ಸ್ ಮಾತ್ರ ಹೊರಡಲಿಲ್ಲ; ಔಟಾಗದೆ 79 ರನ್ನು ಗಳಿಸಿ ತಂಡವನ್ನು ಅಂತಿಮ ಪಂದ್ಯಕ್ಕೆ ಮುಟ್ಟಿಸಿದರು. “ಆವತ್ತಿನ ಇಪ್ಪತ್ತೊಂಬತ್ತಕ್ಕೆ ಐದನ್ನ ಮರೆಯೋಕಾಯ್ತದಾ?” ಎಂದು ಗಾರೆಯವರೊಬ್ಬರು ಇಂದಿಗೂ ಕೇಳುತ್ತಾರೆ. ಮರೆಯಲು ಸಾಧ್ಯವಿಲ್ಲ.

ಮೇ 29ರ ಅಂತಿಮ ಪಂದ್ಯ ನಮ್ಮದೇ ಚಿನ್ನಸ್ವಾಮಿ ಮೈದಾನದಲ್ಲಿ ನಡೆಯಿತು. ಹೈದರಾಬಾದಿನವರು 208 ಗಳಿಸಿದರು. ಉತ್ತರವಾಗಿ ಗೇಲ್ ಮತ್ತು ಕೊಹ್ಲಿ ಹತ್ತೂವರೆ ಓವರಿನೊಳಗೆ 114 ರನ್ನು ಸೇರಿಸಿದರು. ಗೇಲ್ 38 ಚೆಂಡುಗಳಲ್ಲಿ 76 ಹೊಡೆದು ಹೊರನಡೆದಾಗ 57 ಚೆಂಡಿಗೆ 95 ರನ್ನು ಬೇಕಾಗಿತ್ತು, ಕೈಯಲ್ಲಿ ಒಂಬತ್ತು ವಿಕೆಟ್ಟುಗಳಿದ್ದವು. ಆ ಸ್ಥಿತಿಯಿಂದ ನಾವು 8 ರನ್ನುಗಳಿಂದ ಸೋತೆವು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಸೋತ ತಂಡವನ್ನು ನೆನೆಯುವವರಲ್ಲಿ ಎರಡು ಬಗೆಯವರುಂಟು. ಮೊದಲನೆಯವರು ಹಣೆಬರಹವನ್ನು ಹಳಿಯುವವರು. ಎರಡನೆಯವರು ಒಬ್ಬನೇ ಒಬ್ಬ ಅಪರಾಧಿಯನ್ನು ಹುಡುಕುವವರು. ಇವರಿಬ್ಬರ ನೆನಪೂ ನೆನಪಲ್ಲ, ಸಮಾಧಾನ. ಆ ಪಂದ್ಯದಲ್ಲಿ ಶೇನ್ ವಾಟ್ಸನ್ ನಾಲ್ಕು ಓವರುಗಳಲ್ಲಿ 61 ರನ್ನು ಕೊಟ್ಟರು, ವಿಕೆಟ್ಟು ಸಿಗಲಿಲ್ಲ, ಇದು ನಿಜ. ಆದರೆ ಆ ಋತುವಿನಲ್ಲಿ 20 ವಿಕೆಟ್ಟುಗಳನ್ನು ತೆಗೆದು ನಮ್ಮನ್ನು ಅಂತಿಮ ಪಂದ್ಯದವರೆಗೆ ತಂದವರಲ್ಲಿ ಅವರೂ ಒಬ್ಬರೆಂಬುದು ಅಷ್ಟೇ ನಿಜ. ಮೊದಲಿನದನ್ನು ಮಾತ್ರ ನೆನೆದು ಎರಡನೆಯದನ್ನು ಬಿಡುವವನು ಅಭಿಮಾನಿಯಲ್ಲ, ಪಕ್ಷಪಾತಿ ಸಾಕ್ಷಿ.

ಸೋಲಿಗೆ ಕಾರಣಗಳಿದ್ದವು. ತಂಡ ಕಟ್ಟಿದವರು ಹರಾಜಿನ ಹಣದ ದೊಡ್ಡ ಪಾಲನ್ನು ದಾಂಡಿಗರ ಮೇಲೆ ಸುರಿದರು. ಹಿಂದಿನ ವರ್ಷ 20 ವಿಕೆಟ್ಟು ಪಡೆದಿದ್ದ ಮಿಚೆಲ್ ಸ್ಟಾರ್ಕ್ 2016ರಲ್ಲಿ ಗಾಯದಿಂದಾಗಿ ಬರಲಿಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ನಮ್ಮ ಊರಿನ ತೆಳುಗಾಳಿಯಲ್ಲಿ ಚೆಂಡು ದೂರ ಹಾರುತ್ತದೆ, ಮೈದಾನವಾದರೋ ಚಿಕ್ಕದು. ಇಂಥ ನೆಲದಲ್ಲಿ ಏಳು ಪಂದ್ಯಗಳನ್ನು ಆಡಬೇಕಾದ ತಂಡಕ್ಕೆ ಬೇಕಾದುದು ಮೊದಲು ಬೌಲರುಗಳು, ಆಮೇಲೆ ದಾಂಡಿಗರು. ಈ ಸಾಮಾನ್ಯ ಲೆಕ್ಕ ಚಹಾದಂಗಡಿಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಅವರು ಆ ತಂಡವನ್ನು ಪ್ರೀತಿಸುತ್ತಾರೆ. ದೋಷವನ್ನು ಬಲ್ಲ ಪ್ರೀತಿಗೂ ಕುರುಡು ಮೋಹಕ್ಕೂ ಇರುವ ವ್ಯತ್ಯಾಸ ಇದೇ.

“ಅವರು ನಿಮಗೇನಾಗಬೇಕು? ಒಬ್ಬ ಜಮೈಕದವನು, ಒಬ್ಬ ದಕ್ಷಿಣ ಆಫ್ರಿಕದವನು, ಒಬ್ಬ ದೆಹಲಿಯವನು. ಎಲ್ಲರೂ ಹಣ ಕೊಟ್ಟು ಕರೆತಂದ ಆಳುಗಳು, ಒಡೆತನ ಒಂದು ಕಂಪನಿಯದು” ಎಂದು ಕೆಲವರು ಆಕ್ಷೇಪಿಸುತ್ತಾರೆ. ಆಕ್ಷೇಪಣೆಯಲ್ಲಿ ತಥ್ಯವಿದೆ. ಅನಿಲ್ ಕುಂಬ್ಳೆ, ರಾಹುಲ್ ದ್ರಾವಿಡ್‌ರಂಥವರು ಆರಂಭದ ವರ್ಷಗಳಲ್ಲಿ ಈ ತಂಡಕ್ಕೆ ಆಡಿದರೆಂದೂ, 2016ರಲ್ಲಿ ಕೆ.ಎಲ್. ರಾಹುಲ್, ಸ್ಟುವರ್ಟ್ ಬಿನ್ನಿ, ಶ್ರೀನಾಥ್ ಅರವಿಂದ್ ಇದ್ದರೆಂದೂ ನಾನು ವಾದಿಸಬಹುದು. ಆದರೆ ಅದು ನನ್ನ ನಿಜವಾದ ಉತ್ತರವಲ್ಲ. ಆಟಗಾರರು ಕಂಪನಿಯವರಾಗಿರಬಹುದು, ಆ ಸಂಜೆಗಳು ನಮ್ಮವು. ಬೇರೆ ಬೇರೆ ಜಿಲ್ಲೆಗಳಿಂದ, ಗಡಿಯಾಚೆಯಿಂದ ಹೊಟ್ಟೆಪಾಡಿಗಾಗಿ ಬಂದು ಅಂಜನಾಪುರದ ಹೊಸ ಬಡಾವಣೆಗಳ ಮನೆಗಳನ್ನು ಕಟ್ಟಿದವರು, ಒಬ್ಬರ ಭಾಷೆ ಒಬ್ಬರಿಗೆ ಅರೆಬರೆ ತಿಳಿಯುವವರು, ಒಂದು ಟೀವಿಯ ಮುಂದೆ ನಿಂತು ಒಟ್ಟಿಗೆ ಉಸಿರು ಬಿಗಿಹಿಡಿದರು. ಆ ಉಸಿರನ್ನು ಹರಾಜಿನಲ್ಲಿ ಯಾರೂ ಕೊಂಡಿರಲಿಲ್ಲ.

ಇನ್ನು ಗೆಲುವು ಸೋಲುಗಳ ತೂಕವನ್ನು ನೋಡೋಣ. 2009ರ ಅಂತಿಮ ಪಂದ್ಯದಲ್ಲಿ, ಜೊಹಾನ್ಸ್‌ಬರ್ಗಿನಲ್ಲಿ, ನಾಯಕ ಕುಂಬ್ಳೆ 16 ರನ್ನಿಗೆ ನಾಲ್ಕು ವಿಕೆಟ್ಟು ಪಡೆದರು. ಸೋತ ಪಕ್ಷದವರಾದರೂ ಪಂದ್ಯಪುರುಷರೆನಿಸಿದರು. ತಂಡ ಸೋತದ್ದು 6 ರನ್ನುಗಳಿಂದ. 2025ರಲ್ಲಿ ತಂಡ ಪಂಜಾಬಿನ ವಿರುದ್ಧ ಗೆದ್ದದ್ದೂ 6 ರನ್ನುಗಳಿಂದಲೇ. ಬೇಲಿಯ ಮೇಲಿಂದ ಹಾರುವ ಒಂದೇ ಒಂದು ಹೊಡೆತದ ಬೆಲೆ ಅದು. ಆ ಆರು ರನ್ನು ಇತ್ತ ಬಿದ್ದರೆ ವೀರರು, ಅತ್ತ ಬಿದ್ದರೆ ನಗೆಪಾಟಲು! ಒಂದು ಹೊಡೆತದಿಂದ ಮನುಷ್ಯರ ಯೋಗ್ಯತೆ ಬದಲಾಗುವುದಿಲ್ಲ. ಬದಲಾಗುವುದು ಅವರನ್ನು ನೋಡುವ ನಮ್ಮ ಕಣ್ಣು.

ಗೆದ್ದಮೇಲೆ ಇನ್ನೊಂದು ವಿಚಿತ್ರ ನಡೆಯುತ್ತಿದೆ. ಹದಿನೇಳು ವರ್ಷಗಳ ಸೋಲೆಲ್ಲವೂ ಈ ಒಂದು ಗೆಲುವಿಗೆ ಪೀಠಿಕೆಯಾಗಿತ್ತು ಎಂದು ಈಗ ಜನ ಹೇಳತೊಡಗಿದ್ದಾರೆ. ಸೋಲೇ ಗೆಲುವಿನ ಸೋಪಾನ ಎಂಬ ನಾಣ್ಣುಡಿಯನ್ನು ಭಾಷಣ ಸ್ಪರ್ಧೆಗಳಲ್ಲಿ ನಾವೆಲ್ಲ ಬಳಸಿದವರೇ. ಆದರೆ ಈ ಮಾತು ನನಗೆ ಈಚೆಗೆ ಹಿಡಿಸುತ್ತಿಲ್ಲ. ಸೋಪಾನವೆಂದರೆ ತುಳಿದು ಮೇಲೆ ಹೋಗುವಂಥದು. ಗೇಲ್, ಡಿವಿಲಿಯರ್ಸ್ ಯಾರ ಮೆಟ್ಟಿಲೂ ಆಗಿರಲಿಲ್ಲ. ಅವರ ಆಟ ಅಂದೇ ಪೂರ್ಣವಾಗಿತ್ತು. ಮುಂದೆ ಬರಲಿರುವ ಯಾವುದೋ ಕಪ್ಪಿನಿಂದ ಅದಕ್ಕೆ ಬೆಲೆ ಬರಬೇಕಾಗಿರಲಿಲ್ಲ. 2025ರ ಆ ರಾತ್ರಿ ಅವರಿಬ್ಬರೂ ಅಹಮದಾಬಾದಿನ ಮೈದಾನದಲ್ಲಿದ್ದರು. ಕೊಹ್ಲಿಯವರೊಡನೆ ಆ ಪಾರಿತೋಷಕಕ್ಕೆ ಕೈಹಚ್ಚಿ ನಕ್ಕರು. ಅದನ್ನು ಕಂಡು ನಮ್ಮ ಚಹಾದಂಗಡಿಯವರ ಕಣ್ಣು ತೇವವಾಯಿತು. ಆದರೆ ಅದು ಸಾಲ ತೀರಿದ ಸಂತೋಷವಲ್ಲ. ಹಳೆಯ ನಂಟರು ಮದುವೆಮನೆಗೆ ಬಂದ ಸಂತೋಷ.

ಈ ಬಗೆಯ ನೆನಪು ನಮ್ಮ ಊರಿನವರ ಸೊತ್ತೇನೂ ಅಲ್ಲ. 1954ರಲ್ಲಿ ಹಂಗೆರಿಯ ಫುಟ್‌ಬಾಲ್ ತಂಡ ಪಶ್ಚಿಮ ಜರ್ಮನಿಯನ್ನು ಮೊದಲ ಸುತ್ತಿನಲ್ಲಿ 8-3ರಿಂದ ಬಡಿದು, ಅಂತಿಮ ಪಂದ್ಯದಲ್ಲಿ ಅದೇ ಜರ್ಮನಿಗೆ 3-2ರಿಂದ ಸೋತಿತು. ಪುಷ್ಕಾಶ್ ಮತ್ತು ಅವರ ಸಂಗಡಿಗರನ್ನು ಫುಟ್‌ಬಾಲ್ ಬಲ್ಲವರು ಇಂದಿಗೂ ನೆನೆಯುತ್ತಾರೆ. ಅಮೆರಿಕದ ಸ್ಯಾಕ್ರಮೆಂಟೊ ನಗರದ ಬ್ಯಾಸ್ಕೆಟ್‌ಬಾಲ್ ತಂಡ 2002ರಲ್ಲಿ 82 ಪಂದ್ಯಗಳಲ್ಲಿ 61ನ್ನು ಗೆದ್ದು, ಕೊನೆಗೆ ತನ್ನದೇ ಅಂಗಳದಲ್ಲಿ, ಹೆಚ್ಚುವರಿ ವೇಳೆಯಲ್ಲಿ ಲಾಸ್ ಏಂಜಲಿಸ್‌ಗೆ ಸೋತು ಅಂತಿಮ ಸುತ್ತನ್ನು ಕಾಣದೆಹೋಯಿತು. ಅಲ್ಲಿಯ ಜನರೂ ಸಂಜೆಗಳಲ್ಲಿ ಆ ತಂಡದ ಮಾತನ್ನೇ ಆಡುತ್ತಾರಂತೆ.

ಕನ್ನಡಿಗರಾದ ನಮಗಂತೂ ಇದು ಹೊಸ ಪಾಠವಲ್ಲ. ಪಂಪನ ಕಾವ್ಯದ ಹೆಸರಿನಲ್ಲಿರುವುದು ಅರ್ಜುನನ ವಿಜಯ. ಓದಿದವರ ಎದೆಯಲ್ಲಿ ನಿಲ್ಲುವವನು ಕರ್ಣ. ರನ್ನನ ಗದಾಯುದ್ಧದಲ್ಲಿ ಗೆಲ್ಲುವವನು ಭೀಮ. ಮರುಕಕ್ಕೆ ಪಾತ್ರನಾಗುವವನು ದುರ್ಯೋಧನ. ಇಷ್ಟೇಕೆ, ಅಂಜನಾಪುರದಿಂದ ಬಹು ದೂರವೇನಿಲ್ಲದ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಶಾಸನವೊಂದಿದೆ. ನಮ್ಮ ನಗರದ ಹೆಸರು ಸಿಗುವ ಅತಿ ಹಳೆಯ ಬರಹಗಳಲ್ಲಿ ಅದೊಂದು. ಅದು ಗೆದ್ದವನ ಬಿರುದಾವಳಿಯಲ್ಲ. ಬೆಂಗಳೂರಿನ ಕಾಳೆಗದಲ್ಲಿ ಮಡಿದವರ ಸ್ಮರಣೆ. ಪದಕವನ್ನು ಪಡೆಯದವರ ಹೆಸರನ್ನು ಕಲ್ಲಿನಲ್ಲಿ ಕೊರೆದಿಡುವ ಪದ್ಧತಿ ಈ ನೆಲದಲ್ಲಿ ಸಾವಿರ ವರ್ಷಕ್ಕೂ ಹಳೆಯದು.

ಗೆಲುವನ್ನು ಹೇಗೆ ಅನುಭವಿಸಬೇಕೆಂಬುದನ್ನು ಮಾತ್ರ ನಾವು ಇನ್ನೂ ಕಲಿಯಬೇಕಾಗಿದೆ. ಗೆದ್ದ ಮರುದಿನ, 2025ರ ಜೂನ್ 4ರಂದು, ಚಿನ್ನಸ್ವಾಮಿ ಮೈದಾನದ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಬಿಟ್ಟರು. ಐವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಸತ್ತವರಲ್ಲಿ ನಮ್ಮಂಥ ವಿದ್ಯಾರ್ಥಿಗಳಿದ್ದರು. ಅವರು ಮಾಡಿದ ಅಪರಾಧವೇನು? ಇಷ್ಟು ವರ್ಷ ಸೋಲಿನಲ್ಲಿ ಪಾಲುಗೊಂಡವರಾಗಿ ಗೆಲುವಿನಲ್ಲಿ ಒಂದು ಕ್ಷಣದ ಪಾಲನ್ನು ಬಯಸಿದರು, ಅಷ್ಟೆ. ಆ ವಾರವೆಲ್ಲ ನಮ್ಮ ಚಹಾದಂಗಡಿಯಲ್ಲಿ ಯಾರೂ ಆಟದ ಮಾತನ್ನು ಎತ್ತಲಿಲ್ಲ. ಗೆಲುವನ್ನು ಕೂಡಲೇ ಕಣ್ಣಾರೆ ಕಾಣಬೇಕು, ಇಲ್ಲದಿದ್ದರೆ ಕೈಜಾರಿಹೋಗುತ್ತದೆ ಎಂಬ ಆತುರವನ್ನು ನಮ್ಮಲ್ಲಿ ತುಂಬಿದವರು ಯಾರು? ವ್ಯವಸ್ಥೆ ಮಾಡಬೇಕಾದವರ ಹೊಣೆಯನ್ನು ನ್ಯಾಯಸ್ಥಾನಗಳು ನೋಡಿಕೊಳ್ಳಲಿ. ನಾವು ಯೋಚಿಸಬೇಕಾದುದು, ಕಪ್ಪೊಂದೇ ಸರ್ವಸ್ವವೆಂದು ಮಕ್ಕಳಿಗೆ ಕಲಿಸುವ ನಮ್ಮ ನಿತ್ಯದ ಮಾತುಗಳನ್ನು.

ಈ ವಿಷಯ ನನಗೇಕೆ ಇಷ್ಟು ಹತ್ತಿರದ್ದು ಎಂಬುದನ್ನೂ ಹೇಳಿಬಿಡುತ್ತೇನೆ. ನಮ್ಮ ಮನೆತನದಲ್ಲಿ ಬಿ.ಎ. ತರಗತಿಯ ಬೆಂಚಿನ ಮೇಲೆ ಕುಳಿತವರಲ್ಲಿ ನಾನೇ ಮೊದಲನೆಯವನು. ಆದರೆ ಓದಿನ ಆಸೆಯಲ್ಲಿ ಮೊದಲನೆಯವನು ನಾನಲ್ಲ, ನನ್ನ ಸೋದರಮಾವ. ಅವರು ಪಿ.ಯು.ಸಿ.ಯಲ್ಲಿ ಎರಡು ವಿಷಯಗಳಲ್ಲಿ ನಪಾಸಾದರು. ಮತ್ತೆ ಕಟ್ಟಲು ಮನೆಯಲ್ಲಿ ಹಣವಿರಲಿಲ್ಲ. ಈಗ ಪಂಪಿನ ಮೋಟಾರುಗಳಿಗೆ ತಂತಿ ಸುತ್ತುತ್ತಾರೆ. 2011ರಿಂದ ಆ ತಂಡದ ಒಂದೊಂದು ಪಂದ್ಯದ ಅಂಕಿ ಅಂಶಗಳನ್ನೂ ಇನ್ನೂರು ಪುಟದ ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದಾರೆ. ಭಾಗಾಕಾರವನ್ನು ನಾನು ಕಲಿತದ್ದು ಆ ಪುಸ್ತಕದಿಂದ. “57 ಚೆಂಡು, 95 ರನ್ನು, ಓವರಿಗೆ ಎಷ್ಟು?” ಎಂದು ಕೇಳುತ್ತಿದ್ದರು. ಹತ್ತು ಎಂದು ನಾನು ಹೇಳುವವರೆಗೆ ಪುಟ ತಿರುವುತ್ತಿರಲಿಲ್ಲ. ಸೋತ ಪಂದ್ಯಗಳನ್ನೂ ಅದೇ ಅಂದವಾದ ಅಕ್ಷರದಲ್ಲಿ ಬರೆದಿದ್ದಾರೆ. 49ರ ಪುಟವನ್ನು ಹರಿದಿಲ್ಲ. ನಾಳೆ ನನಗೆ ಪದವಿಯ ಪ್ರಮಾಣಪತ್ರ ಬಂದಾಗ ನೆಂಟರಿಷ್ಟರು, “ನಿನ್ನ ಮಾವನಿಂದ ಆಗದ್ದು ನಿನ್ನಿಂದ ಆಯಿತು” ಎಂದು ಹೊಗಳಿಯಾರು. ಆ ಹೊಗಳಿಕೆ ನನಗೆ ಬೇಡ. ನನ್ನ ಮಾವ ನನ್ನ ಮೆಟ್ಟಿಲಲ್ಲ. ಅವರು ತಮ್ಮ ಆಟವನ್ನು ತಾವು ಆಡಿದವರು. ಪಟ್ಟಿಯಲ್ಲಿ ಅವರ ಹೆಸರಿಲ್ಲ, ಅಷ್ಟೆ.

ಪಟ್ಟಿಯ ಮಾತು ಬಂದುದರಿಂದ ಈ ವಾರ್ಷಿಕ ಸಂಚಿಕೆಯ ಸಂಪಾದಕ ಮಂಡಳಿಗೆ ಒಂದು ವಿನಂತಿ. ಪ್ರತಿವರ್ಷ ನಮ್ಮ ಸಂಚಿಕೆಯಲ್ಲಿ ರ‍್ಯಾಂಕು ಪಡೆದವರ, ಪಾರಿತೋಷಕ ಗೆದ್ದವರ ಭಾವಚಿತ್ರಗಳನ್ನು ಅಚ್ಚುಹಾಕುತ್ತೇವೆ, ಅದು ಯೋಗ್ಯವೇ. ಅದರ ಜೊತೆಗೆ ಇನ್ನೊಂದು ಪುಟವಿರಲಿ. ಈ ವರ್ಷ ಅಂತರ ಕಾಲೇಜು ಪಂದ್ಯಗಳಲ್ಲಿ ಆಡಿ ಸೋತ ನಮ್ಮ ಖೋಖೋ ತಂಡದ ಒಂಬತ್ತು ಹುಡುಗಿಯರ, ಬ್ಯಾಸ್ಕೆಟ್‌ಬಾಲ್ ತಂಡದ ಐವರ ಹೆಸರುಗಳು, ಅವರು ಎಲ್ಲಿ ಆಡಿದರು, ಎಷ್ಟು ಅಂಕಗಳಿಂದ ಸೋತರು, ಯಾರು ಚೆನ್ನಾಗಿ ಆಡಿದರು ಎಂಬ ವಿವರಗಳು ಅಲ್ಲಿ ಬರಲಿ. ಹೊಗಳಿಕೆ ಬೇಕಿಲ್ಲ, ಕನಿಕರವೂ ಬೇಕಿಲ್ಲ. ನಡೆದುದನ್ನು ನಡೆದಂತೆ ಬರೆದರೆ ಸಾಕು. ಹತ್ತು ವರ್ಷಗಳ ಮೇಲೆ ಅವರಲ್ಲೊಬ್ಬರ ಮಗುವೋ ಅಳಿಯನೋ ಈ ಪುಟವನ್ನು ತೆರೆದು ಓದುವಂತಾಗಲಿ.

ಗೆದ್ದವರನ್ನು ಲೋಕವೇ ನೆನಪಿಟ್ಟುಕೊಳ್ಳುತ್ತದೆ, ಅವರಿಗೆ ನಮ್ಮ ಸಹಾಯದ ಅಗತ್ಯವಿಲ್ಲ. ಚೆನ್ನಾಗಿ ಆಡಿ ಸೋತವರಿಗೆ ಇರುವುದು ಕಂಡವರ ಸಾಕ್ಷಿಯೊಂದೇ. ಕಂಡವರು ನಾವು. ಆದುದರಿಂದ ಹೇಳುವ ಹೊಣೆಯೂ ನಮ್ಮದೇ.